ಅಪ್ಪಿಯ ಲೈಟ್‌ಹೌಸ್

ಮುಟ್ಟಬೇಡ, ಮುಟ್ಟಬೇಡ ಅಪ್ಪಿ! ದೂರದಿಂದ ನೋಡು ಮಾರಾಯ್ತಿ. ಹಳೇ ಪೇಂಟು ಅದು, ಕೈ ತಾಗಿದ್ರೆ ಚಕ್ಕೆ ಚಕ್ಕೆ ಎದ್ದು ಬರ್ತದೆ. ಹಾಂ, ಅಲ್ಲೇ, ಬಾಗಿಲ ಹತ್ತಿರವೇ ನಿಲ್ಲು. ಅಪ್ಪ ಹೇಳ್ತಿರ್ಲಿಲ್ವಾ, ಬೋರ್ಡು ಅಂದ್ರೆ ಓಡುವ ಬಸ್ಸಿನಿಂದ ನೋಡ್ಲಿಕ್ಕೆ ಇರುವುದು, ಮೂಗು ತಾಗಿಸಿ ನೋಡ್ಲಿಕ್ಕೆ ಅಲ್ಲ ಅಂತ? ಅವರ ಚಿತ್ರವೂ ಹಾಗೇ.

ಹೇಗುಂಟು? ನಮ್ಮ ಕಾಪುವಿನ ಲೈಟ್‌ಹೌಸ್ ಅಂದ್ರೆ ಲೈಟ್‌ಹೌಸೇ, ಅಲ್ವಾ? ಕಪ್ಪು ಪಟ್ಟೆ, ಬಿಳಿ ಪಟ್ಟೆ, ಕೆಳಗೆ ಬಂಡೆ, ಆಚೆ ಸಮುದ್ರ... ಎಂತ, ಮೂಗು ಮುಚ್ಚಿಕೊಳ್ಳುವುದು? ವಾಸನೆಯಾ? ಅದು ಗೇಟಿಗೆ ಪೇಂಟ್ ಕೊಟ್ಟದ್ದು. ನಿನ್ನೆ. ...ಹೌದು, ನಮಗೆ ಗೇಟಿಲ್ಲ. ಪಕ್ಕದ ಮ್ಯಾಥ್ಯೂ ಅವರ ಗೇಟು. ಅಲ್ಲ, ಬೋರ್ಡು ಬರೆಯುವವನ ಅಂಗಡಿಯಲ್ಲಿ ಪೇಂಟಿನ ವಾಸನೆ ಬಾರದೆ ಮಲ್ಲಿಗೆಯ ವಾಸನೆ ಬರ್ತದಾ? ಕೂತ್ಕೋ ನೀನು. ಆ ಕುರ್ಚಿ ಬೇಡ, ಕಾಲು ಅಲುಗ್ತದೆ. ಈ ಸ್ಟೂಲಿನಲ್ಲಿ. ಗೋಳಿಬಜೆ ತಿನ್ನು, ಬಿಸಿ ಉಂಟು.

ನಾಳೆ ಬೆಳಿಗ್ಗೆ ಮನೆ ಒಕ್ಕಲು, ಇವತ್ತು ನೀನು ಬನ್ನಂಜೆಯಿಂದ ಬಸ್ಸು ಹತ್ತಿ ಬರುವುದಾ? ನಾನೇ ತಂದು ಕೊಡ್ತಿದ್ದೆ. ನಾನೇ ಮೊಳೆ ಹೊಡೆದು ತೂಗಿಸ್ತಿದ್ದೆ, ಮೇಲೆ, ಯಾರ ಕೈಗೂ ಸಿಗದ ಹಾಗೆ... ಅಯ್ಯೋ, ಕೊಡುವುದಿಲ್ಲ ಅಂತ ಎಲ್ಲಿ ಹೇಳಿದೆ? ಅಪ್ಪ ಬಾಯಿ ಬಿಟ್ಟು ಹೇಳಿ ಹೋದದ್ದು, ಅಂಗಡಿ ಈ ಅಣ್ಣ ಕರುಣಾಕರನಿಗೆ, ಲೈಟ್‌ಹೌಸ್ ಅಪ್ಪಿಗೆ. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೀಲಿಕ್ಕೆ ಬಿಡುವುದಿಲ್ಲ, ಸ್ವಂತ ಮನೆ ಆಗ್ಲಿ ಅಂತ ನೀನೇ ಆರು ವರ್ಷ ಇಲ್ಲಿ ಬಿಟ್ಟದ್ದು. ನಾನು ಎಷ್ಟು ಜೋಪಾನ ಮಾಡಿದ್ದೇನೆ ಗೊತ್ತುಂಟಾ? ಕಣ್ಣಿನ ಹಾಗೆ!

ಎಂತಕ್ಕೆ ನಗುವುದು? ಅಟ್ಟ ನೋಡಿಯಾ? ನಗು, ನಗು. ನಿನ್ನ ಅತ್ತಿಗೆ ಸುಗಂಧಿಗೂ ಆ ತಗಡಿನ ರಾಶಿ ಕಂಡ್ರೆ ಆಗುವುದಿಲ್ಲ. ಗುಜರಿಗೆ ಹಾಕಿ ಅಂತ ದಿನಾ ಒಂದೇ ರಾಗ. ಹಾಕುವುದುಂಟಾ? ಅಪ್ಪನ ಕಾಲದಿಂದ ನಮ್ಮದು ಒಂದೇ ಪದ್ಧತಿ, ತಗಡು ಬಿಸಾಡ್ಲಿಕ್ಕಿಲ್ಲ. ಹಳೇ ಬೋರ್ಡು ಬಂತಾ, ಬಿಳಿ ಎಳಿ, ಅದರ ಮೇಲೆ ಹೊಸದು ಬರಿ. ಒಂದೊಂದು ತಗಡಿನೊಳಗೆ ಎಷ್ಟು ಅಂಗಡಿ ಕೂತಿದೆ ಅಂತ ನಮಗೇ ಗೊತ್ತಿರುವುದಿಲ್ಲ. ಅಡಿಯಲ್ಲಿ ಸೋಡಾ ಅಂಗಡಿ, ಅದರ ಮೇಲೆ ಟೈಲರು, ಅದರ ಮೇಲೆ ಹಲ್ಲಿನ ಡಾಕ್ಟ್ರು! ಫ್ಲೆಕ್ಸ್ ಬಂದು ನಮ್ಮ ಹೊಟ್ಟೆಗೆ ಹೊಡೆದದ್ದು ಹೌದು. ಆದ್ರೂ ಕೈಬರಹವೇ ಬೇಕು ಅನ್ನುವವರು ಉಂಟು. ಮೊನ್ನೆ ಮೇ ತಿಂಗಳಲ್ಲಿ, ದೊಡ್ಡಪ್ಪನ ಮೊಮ್ಮಗಳು ಚೈತಾಲಿಯ ಮದುವೆಯಲ್ಲಿ ಆ ಬೋರ್ಡು ನೋಡಿ ನೀನೇ... ಬಿಡು. ಆ ಮಾತು ಈಗ ಎಂತಕ್ಕೆ.

ಚಿತ್ರ ನೋಡು. ಇದನ್ನು ಅಪ್ಪ ಯಾವಾಗ ಬರೆದದ್ದು ನೆನಪುಂಟಾ? ನೀನು ಒಂದನೇ ಕ್ಲಾಸು. ಕೆಂಪು ಫ್ರಾಕು ಹಾಕಿದ್ದಿ. ನಾನು ಅಪ್ಪನ ಜೊತೆ ಸರಸರ ತುದಿಗೆ ಹತ್ತಿದೆ, ನೀನು ಮೊದಲ ಮೆಟ್ಟಿಲಲ್ಲೇ ಕೂತು ಒಂದೇ ಬೊಬ್ಬೆ! ಅಮ್ಮ ಎಷ್ಟು ಸಮಾಧಾನ ಮಾಡಿದ್ರೂ ಇಲ್ಲ. ದೋಣಿಯ ಹತ್ತಿರ ಬಲೆ ಬಿಡಿಸ್ತಿದ್ದವರೆಲ್ಲ ಎದ್ದು ನೋಡಿದ್ರು. ಬಂಡೆಯ ಬುಡದಲ್ಲಿ ಕೆಂಪು ಚುಕ್ಕೆ ಕಾಣ್ತದಾ? ಅದೇ ನೀನು! ಅಳ್ತಾ ಕೂತದ್ದು. ಅಪ್ಪ ಅದನ್ನೂ ಬಿಡ್ಲಿಲ್ಲ ನೋಡು.

...ಎಂತ? ನಗು ಯಾಕೆ ನಿಂತಿತು?

ಅಪ್ಪಿ? ಗೋಳಿಬಜೆ ಯಾಕೆ ಕೆಳಗಿಟ್ಟೆ? ಚುಕ್ಕೆ ಇರುವುದು ಕೆಳಗೆ ಮಾರಾಯ್ತಿ, ಮೇಲೆ ಎಂತ ಹುಡುಕ್ತೀ? ತುದಿಯಲ್ಲಿ ಬಾಲ್ಕನಿ ಬಿಟ್ಟು ಬೇರೆಂತ ಉಂಟು... ಏಯ್, ಮುಟ್ಟಬೇಡ ಅಂದೆ!

ಛೇ. ಸೀರೆಗೆ ಒರೆಸ್ಬೇಡ, ಒರೆಸ್ಬೇಡ, ತಗೋ ಈ ಬಟ್ಟೆ. ಬೆರಳು ತೋರಿಸು. ಟರ್ಪಂಟೈನ್ ಹಾಕಿದ್ರೆ ಹೋಗ್ತದೆ. ಈ ಅಕಾಲ ಮಳೆಗೆ ಎನಾಮೆಲ್ ಒಣಗುವುದೇ ಇಲ್ಲ, ಮೂರು ದಿನ ಆಯ್ತು ನಾನು...

ಹೇಳಿಬಿಟ್ಟೆ ಅಲ್ವಾ.

ಚುಕ್ಕೆ ಮೇಲೆ ಇತ್ತಾ? ಬಾಲ್ಕನಿಯಲ್ಲಿಯಾ? ತಲೆ ಆಡಿಸು, ಸಾಕು. ...ಅಪ್ಪ ನಿನ್ನನ್ನು ತುದಿಗೆ ಹತ್ತಿಸಿ ಬರೆದಿದ್ರಾ! ನನಗೆ ಗೊತ್ತಿರ್ಲಿಲ್ಲ ಅಪ್ಪಿ. ಕೆಂಪು ಚುಕ್ಕೆ ಒಂದಿತ್ತು ಅಂತ ನೆನಪಿತ್ತು. ಎಲ್ಲಿ ಅಂತ ಮರೆತಿತ್ತು. ನಾನು ಕಂಡದ್ದು ನೀನು ಕೆಳಗೆ ಕೂತು ಅತ್ತದ್ದು ಮಾತ್ರ, ಅಲ್ಲೇ ಇಟ್ಟೆ.

ಬೈ ಮಾರಾಯ್ತಿ. ನೀನು ಹೀಗೆ ಸುಮ್ಮನೆ ಕೂತ್ರೆ ನನಗೆ ಹೆದರಿಕೆ ಆಗ್ತದೆ.

ಮೂರು ವರ್ಷದ ಹಿಂದೆ. ಕುಕ್ಕುಂದೂರಿನ ಆ ಮದುವೆ ಹಾಲಿನವರಿಗೆ ಎರಡು ದಿನದಲ್ಲಿ ಹತ್ತು ಬೋರ್ಡು ಬೇಕಿತ್ತು. ಅಟ್ಟದಿಂದ ತಗಡು ಇಳಿಸಿ ಸಾಲಾಗಿ ಒರಗಿಸಿದೆ. ಕರೆಂಟಿಲ್ಲ, ಹೊರಗೆ ಮೋಡ. ಅಪ್ಪನ ಲೈಟ್‌ಹೌಸಿನ ತಗಡೂ ಧೂಳು ಹಿಡಿದು ಉಳಿದದ್ದರ ಹಾಗೇ ಕಪ್ಪಾಗಿತ್ತು. ಒರೆಸಿದ್ರೆ ಗೊತ್ತಾಗ್ತಿತ್ತು. ಮೊದಲು ಒರೆಸು ಅಂತ ಅಪ್ಪ ಕಲಿಸಿದ್ದು, ನಾನು ಒರೆಸ್ಲಿಲ್ಲ. ಹತ್ತಕ್ಕೂ ಒಂದೇ ಸಮ ಬಿಳಿ ಎಳೆದೆ. ಅಲ್ಲಿ ಹೋಗಿ ಸ್ಕ್ರೂ ಹಾಕ್ಲಿಕ್ಕೆ ತಿರುಗಿಸ್ತೇನೆ, ಹಿಂಬದಿಯಲ್ಲಿ ಅಪ್ಪನ ಅಕ್ಷರ. ‘ಅಪ್ಪಿಗೆ’. ಮ್ಯಾನೇಜರು ಪಕ್ಕದಲ್ಲೇ ನಿಂತಿದ್ರು. ಸ್ಕ್ರೂ ಹಾಕಿಬಿಟ್ಟೆ.

ಬಿಡಿಸ್ಲಿಕ್ಕೆ ಆಗುವುದಿಲ್ಲ. ಬಿಳಿ ಕಿತ್ತರೆ ಅದರ ಜೊತೆಗೆ ಅಪ್ಪನದ್ದೂ ಎದ್ದು ಬರ್ತದೆ. ಪ್ರತಿ ವರ್ಷ ಮಳೆಗಾಲ ಮುಗಿದ ಕೂಡಲೇ ಹೋಗಿ ಒಂದು ಕೋಟ್ ಕೊಟ್ಟು ಬರ್ತೇನೆ, ಯಾರೂ ಹೇಳದೆ. ಮ್ಯಾನೇಜರಿಗೆ ನಾನು ಅರ್ಧ ಮರುಳ. ತುಕ್ಕು ಅಪ್ಪನವರೆಗೆ ಹೋಗ್ಬಾರ್ದಲ್ವಾ?

ನೀನು ಅದನ್ನು ನೋಡಿದ್ದಿ, ಅದೇ ಹಾಲಿನಲ್ಲಿ. ಚೈತಾಲಿಯ ಮದುವೆಯಲ್ಲಿ. ‘ಊಟಕ್ಕೆ ದಾರಿ’, ಪಕ್ಕದಲ್ಲಿ ಬಾಣ. ಅದರ ಎದುರು ನಿಂತು ನೀನು ಹೇಳಿದ್ದು, ಅಣ್ಣ, ಅಕ್ಷರ ಅಪ್ಪನದ್ದರ ಹಾಗೇ ಬಂದಿದೆ ಅಂತ. ಅವತ್ತು ನಾನು ಊಟಕ್ಕೆ ಕೂರದೆ ಬಸ್ಸು ಹತ್ತಿದೆ.

ಎದ್ದದ್ದು ಎಲ್ಲಿಗೆ? ಹೊರಟೇ ಬಿಟ್ಟೆಯಾ? ಅಪ್ಪಿ, ಹೀಗೆ ಮಾತಾಡದೆ ಹೋಗ್ಬೇಡ. ನಾಳೆ ನಾನು ಒಕ್ಕಲಿಗೆ ಯಾವ ಮುಖ ಹೊತ್ತು... ಎಂತ ಅದು ಕೈಯಲ್ಲಿ? ನನ್ನ ಸ್ಕ್ರೂಡ್ರೈವರ್! ಕುಕ್ಕುಂದೂರಿಗಾ? ಈಗಲಾ?

ಹೊಸ ಮನೆಯ ಗೋಡೆಗೆ ‘ಊಟಕ್ಕೆ ದಾರಿ’ ತೂಗಿಸ್ತೀಯಾ? ವಿಠಲ ಭಾವ ಎಂತ ಹೇಳಿಯಾರು! ...ನಾಳೆ ಹೇಗೂ ಇನ್ನೂರು ಜನ ಊಟಕ್ಕೆ ದಾರಿ ಕೇಳ್ತಾರೆ ಬಿಡು.

ಇರು, ಇರು, ಚಪ್ಪಲಿ ಹಾಕ್ತೇನೆ. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿದ್ರೆ ಕತ್ತಲೆಗೆ ಮೊದಲು ಬರ್ಬಹುದು. ಮ್ಯಾನೇಜರಿಗೆ ಬದಲಿ ಬೋರ್ಡು ಬೇಕಲ್ಲಾ... ಈ ತಗಡನ್ನೇ ತಗೊಳ್ಳುವಾ. ಹಿಂಬದಿ ಖಾಲಿ ಉಂಟು, ಅಲ್ಲೇ ನಿಂತು ಬರೆದು ಕೊಡ್ತೇನೆ. ಕೆಳಗೆ ಕೂತು ಅಳುವ ಅಪ್ಪಿ ಆ ಮದುವೆ ಹಾಲಿನಲ್ಲೇ ಇರ್ಲಿ. ತುದಿಗೆ ಹತ್ತಿದವಳು ನಿನ್ನ ಮನೆಗೆ ಬರ್ಲಿ.

ನಡಿ. ಕೊಡೆ ಮರೀಬೇಡ. ಮತ್ತೆ ಅಪ್ಪಿ, ಬಸ್ಸಿನಲ್ಲಾದ್ರೂ ಒಂದು ಮಾತಾಡು.