ಮೆಟ್ಟಿಲ ಮೇಲೆ ನಡೆದ ಪಾಠದ ವಿಚಾರವಾಗಿ

ನಾನು, ವಯಸ್ಸು ನಲವತ್ತಮೂರು ವರ್ಷ, ಉದ್ಯೋಗ ಸಿದ್ಧ ಉಡುಪು ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಕೂರಿಸುವ ಕೆಲಸ, ಜೊತೆಗೆ ಕಾಲೇಜಿನ ಸಂಜೆ ವಿಭಾಗದಲ್ಲಿ ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ, ವಾಸ ರೈಲ್ವೆ ಗೇಟಿನ ಹಿಂದಿನ ಬಾಡಿಗೆ ಮನೆ, ಈ ದಿನ ಠಾಣೆಗೆ ಹಾಜರಾಗಿ, ಕೇಳಿದ್ದಕ್ಕೆ ಉತ್ತರವಾಗಿ ಈ ಮೂಲಕ ತಿಳಿಸುವುದೇನೆಂದರೆ:

ಕಾರ್ಖಾನೆಯಲ್ಲೂ ಕಾಲೇಜಿನಲ್ಲೂ ನನ್ನನ್ನು ಕಾಲರಕ್ಕ ಎಂದೇ ಕರೆಯುತ್ತಾರೆ. ಕಾಲೇಜಿನ ಆಡಳಿತ ಮಂಡಳಿಯ ಕಡೆಯಿಂದ ಬಂದಿರುವ ದೂರಿನಲ್ಲಿ ‘ಕಾಲರಕ್ಕ ಎಂಬ ಹೊರಗಿನ ಮಹಿಳೆ’ ಎಂದಿರುವುದು ನನ್ನನ್ನೇ ಕುರಿತು. ನಾನು ಹೊರಗಿನವಳಲ್ಲ. ಮೂರು ವರ್ಷದಿಂದ ಆ ಕಾಲೇಜಿನಲ್ಲಿ ಓದುತ್ತಿದ್ದೇನೆ. ನನ್ನ ಮಗಳ ಓದು ಮುಗಿದು ಅವಳು ಕೆಲಸಕ್ಕೆ ಸೇರಿದ ಮೇಲೆ, ನನ್ನ ಅತ್ತೆಯವರು, ಮಗಳನ್ನ ಓದಿಸಿದ್ದಾಯ್ತು, ಇನ್ನು ನೀನು ಓದು, ಸಂಜೆ ಅಡುಗೆ ನಾನು ನೋಡ್ಕೋತೀನಿ ಎಂದು ಹೇಳಿ ಸೇರಿಸಿದರು. ಮನೆಯಲ್ಲಿ ಇದಕ್ಕೆ ಯಾರದೂ ತಕರಾರಿಲ್ಲ.

ಕಳೆದ ಸೋಮವಾರ ಕಾರ್ಖಾನೆ ಬಿಟ್ಟು ಎಂದಿನಂತೆ ಆರು ಗಂಟೆಯ ತರಗತಿಗೆ ಹೋದೆ. ನಮ್ಮ ಕೊಠಡಿಗೆ ಬೀಗ ಹಾಕಿತ್ತು. ಬಾಗಿಲಿಗೆ ಒಂದು ಸೂಚನೆ ಅಂಟಿಸಿದ್ದರು. ಹೊಸ ಕೋರ್ಸಿಗೆ ಕೊಠಡಿಗಳು ಬೇಕಾಗಿರುವುದರಿಂದ ಈ ದಿನದಿಂದಲೇ ಸಂಜೆ ವಿಭಾಗವನ್ನು ಮುಚ್ಚಲಾಗಿದೆ, ಬೇಕಾದವರು ಬೆಳಗಿನ ವಿಭಾಗಕ್ಕೆ ಸೇರಬಹುದು ಎಂದು ಅದರಲ್ಲಿತ್ತು. ಪರೀಕ್ಷೆಗೆ ಒಂದೂವರೆ ತಿಂಗಳಿದೆ. ಈ ಬಗ್ಗೆ ಅದಕ್ಕೂ ಮೊದಲು ನಮ್ಮನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಕಳೆದ ವರ್ಷ ಗ್ರಂಥಾಲಯದ ಸಮಯ ಬದಲಾಯಿಸಿದಾಗಲೂ ಕೇಳಿರಲಿಲ್ಲ, ಹಿಂದಿನ ಗೇಟು ಮುಚ್ಚಿ ನಮ್ಮನ್ನು ಊರು ಸುತ್ತಿಸಿದಾಗಲೂ ಕೇಳಿರಲಿಲ್ಲ. ಆಗೆಲ್ಲ ಗೊಣಗಿಕೊಂಡು ಸುಮ್ಮನಾಗಿದ್ದೆವು.

ಸುಮಾರು ಮೂವತ್ತು ಜನ ಪ್ರಾಂಶುಪಾಲರ ಕೊಠಡಿಗೆ ಹೋದೆವು. ಪ್ರಾಂಶುಪಾಲರು ಒಳ್ಳೆಯವರೇ. ನನ್ನ ಕೈಯಲ್ಲಿ ಏನೂ ಇಲ್ಲಮ್ಮ, ಎಲ್ಲಾ ಮೇಲಿಂದ ಬಂದಿದೆ ಎಂದರು. ಆಂಬುಲೆನ್ಸ್ ಓಡಿಸುವ ಒಬ್ಬ ಹುಡುಗ ನಮ್ಮ ತರಗತಿಯಲ್ಲಿದ್ದಾನೆ, ಅವನನ್ನು ನಾವು ಸೈರನ್ ಎನ್ನುತ್ತೇವೆ. ಅವನು, ಮೇಲಿಂದ ಅಂದ್ರೆ ಎಷ್ಟನೇ ಮಹಡಿ ಸಾರ್ ಎಂದು ಕೇಳಿದ. ಪ್ರಾಂಶುಪಾಲರು ಯೋಚಿಸದೆ, ಮೂರನೇದು ಎಂದುಬಿಟ್ಟರು. ಆಮೇಲೆ ನಾಲಿಗೆ ಕಚ್ಚಿಕೊಂಡರು. ಮೂರನೇ ಮಹಡಿಯಲ್ಲಿ ಆಡಳಿತ ಮಂಡಳಿಯ ಸಭೆ ನಡೆಯುತ್ತಿತ್ತು.

ಲಿಫ್ಟ್ ಸಿಬ್ಬಂದಿಗೆ ಮಾತ್ರ. ಆದ್ದರಿಂದ ಮೆಟ್ಟಿಲು ಹತ್ತಿ ಹೋದೆವು. ಬಾಗಿಲು ತಟ್ಟಿದೆವು, ಬಡಿಯಲಿಲ್ಲ. ಮಂಡಳಿಯ ಕಾರ್ಯದರ್ಶಿಯವರು ಬಾಗಿಲನ್ನು ಅರ್ಧ ತೆರೆದು ನಿಂತು, ನಿರ್ಧಾರ ಆಗಿಹೋಗಿದೆ, ಬೆಳಗ್ಗೆ ಬನ್ನಿ ಎಂದರು. ಬೆಳಗ್ಗೆ ನಮಗೆಲ್ಲ ಕೆಲಸ ಇರುತ್ತೆ ಸಾರ್ ಎಂದು ನಾನು ಹೇಳಿದೆ. ಹಾಗಾದ್ರೆ ಕೆಲಸ ಬಿಡಿ, ಇಲ್ಲಾ ಓದು ಬಿಡಿ ಎಂದರು. ನಂತರ ನನ್ನನ್ನು ನೋಡಿ, ಅಷ್ಟಕ್ಕೂ ಈ ವಯಸ್ಸಲ್ಲಿ ನಿಮಗೆ ಡಿಗ್ರಿ ಯಾಕೆ ತಾಯಿ ಎಂದು ಕೇಳಿದರು. ಯಾರೋ ಒಳಗೆ ನಕ್ಕರು. ನನ್ನ ಕೈಯಲ್ಲಿ ನೀರಿನ ಬಾಟಲಿ ಇತ್ತು. ಅದರ ಮುಚ್ಚಳವನ್ನು ಬಿಗಿ ಮಾಡಿದೆ, ಮತ್ತೆ ಬಿಗಿ ಮಾಡಿದೆ. ಬಾಗಿಲು ಮುಚ್ಚಿತು.

ಕೆಲವು ಹುಡುಗರು ಬಾಗಿಲಿಗೆ ಒದೆಯೋಣ ಎಂದರು. ಬೇಡ ಎಂದು ನಾನು ತಡೆದೆ. ಅರ್ಥಶಾಸ್ತ್ರದ ಮೇಡಂ ಇನ್ನೂ ಕೆಳಗೇ ಇದ್ದಾರೆ, ಕರೀರಿ, ಇವತ್ತಿನ ಕ್ಲಾಸು ಇಲ್ಲೇ ಆಗಲಿ ಎಂದು ಹೇಳಿ ಮೆಟ್ಟಿಲ ಮೇಲೆ ಕೂತೆ. ಪಕ್ಕದಲ್ಲಿ ಬೇಕರಿ ಕೆಲಸದ ಹುಡುಗ ಕೂತ. ಉಳಿದವರು ಒಂದೊಂದೇ ಮೆಟ್ಟಿಲು ಹಿಡಿದರು. ಹೋಗಿಬರುವವರಿಗೆ ಕಂಬಿಯ ಕಡೆ ಒಬ್ಬರು ಆರಾಮವಾಗಿ ನಡೆಯುವಷ್ಟು ಜಾಗ ಬಿಟ್ಟು, ಮೊಣಕಾಲು ಮಡಚಿಕೊಂಡು ಕೂತೆವು.

ಮೇಡಂ ಬಂದರು. ಅವರ ಕೆಲಸ ಕಾಯಂ ಆಗಿಲ್ಲ. ಅವರು ಮೇಲಿನ ಬಾಗಿಲನ್ನು ನೋಡಿದರು, ನಮ್ಮನ್ನು ನೋಡಿದರು, ಬ್ಯಾಗನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಎಲ್ಲಿಗೆ ನಿಲ್ಲಿಸಿದ್ವಿ ಎಂದು ಕೇಳಿದರು. ದೂರಿನಲ್ಲಿ ನಾವು ‘ಕಾರ್ಮಿಕರ ಬೇಡಿಕೆ ಎಂದು ಪದೇ ಪದೇ ಕೂಗಿದೆವು’ ಎಂದಿದೆ. ಅದು ಆ ದಿನದ ಪಾಠದ ಹೆಸರು. ಸಂಸ್ಥೆಗಳಿಗೆ ಎಷ್ಟು ಕೆಲಸಗಾರರು ಬೇಕಾಗುತ್ತಾರೆ, ಆ ಬೇಡಿಕೆ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದು ವಿಷಯ. ಬೇಕಾದರೆ ಪಠ್ಯಪುಸ್ತಕ ಹಾಜರುಪಡಿಸುತ್ತೇನೆ. ಮೆಟ್ಟಿಲಲ್ಲಿ ದನಿ ಮೊಳಗುವುದರಿಂದ ಜೋರಾಗಿ ಕೇಳಿರಬಹುದು. ಹಲಗೆ ಇಲ್ಲದ ಕಾರಣ ಮೇಡಂ ರೇಖೆಗಳನ್ನು ಗಾಳಿಯಲ್ಲಿ ಕೈಯಿಂದಲೇ ಬರೆದು ತೋರಿಸಿದರು. ಗೋಡೆ ಹಾಳು ಮಾಡಿದರು ಎಂದು ದೂರಿನಲ್ಲಿರುವುದು ಸುಳ್ಳು.

ಏಳು ಗಂಟೆಯ ಹೊತ್ತಿಗೆ ಸಭೆ ಮುಗಿದು ಕಾರ್ಯದರ್ಶಿಯವರು ಹೊರಬಂದರು. ದಾರಿ ಬಿಡಿ ಎಂದರು. ದಾರಿ ಇತ್ತು. ಅವರು ಇಳಿಯತೊಡಗಿದಾಗ ಬೇಕರಿ ಹುಡುಗ ಎದ್ದು ನಿಂತು, ಸಾರ್, ನಾನು ಬೆಳಗಿನ ಜಾವ ಒಲೆ ಹಚ್ತೀನಿ, ನಿಮ್ಮ ಬೆಳಗಿನ ಕ್ಲಾಸ್ ಶುರುವಾಗೋ ಹೊತ್ತಿಗೆ ಬ್ರೆಡ್ ಹಂಚ್ತಾ ಇರ್ತೀನಿ ಎಂದ. ಇದನ್ನು ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ನಾನೂ ಎದ್ದೆ. ನೀವು ಹಾಕಿರೋ ಅಂಗಿಗೆ ನಾನೇ ಕಾಲರ್ ಕೂರಿಸಿರಬಹುದು ಸಾರ್, ಈ ವಯಸ್ಸಲ್ಲಿ ಡಿಗ್ರಿ ಯಾಕೆ ಅಂದ್ರಿ, ನನಗೆ ಬೇಕು, ಅದಕ್ಕೆ ಎಂದೆ. ಅವರ ಕೈ ತಾನಾಗಿ ಕೊರಳಿನ ಹತ್ತಿರ ಹೋಯಿತು. ಕೆಳಗಿನ ಮೆಟ್ಟಿಲಿನ ಹುಡುಗಿ, ನಾನು ಆಸ್ಪತ್ರೆಯಲ್ಲಿ ರೋಗಿಗಳ ಹಾಸಿಗೆ ಬದಲಾಯಿಸ್ತೀನಿ ಎಂದಳು. ಸೈರನ್, ಬೆಳಗ್ಗೆ ಯಾರೂ ಹುಷಾರು ತಪ್ಪಬೇಡಿ, ನನಗೆ ಕ್ಲಾಸಿದೆ ಅಂತ ಯಾರಿಗೆ ಹೇಳಲಿ ಸಾರ್ ಎಂದು ಕೇಳಿದ. ಹೀಗೆ ನೆಲಮಹಡಿಯವರೆಗೂ ಒಬ್ಬೊಬ್ಬರಾಗಿ ಎದ್ದು, ತಮ್ಮ ಕೆಲಸ ಹೇಳಿ, ಮತ್ತೆ ಕೂತರು. ಯಾರೂ ಬೈಯಲಿಲ್ಲ. ಯಾರೂ ಅವರನ್ನು ಮುಟ್ಟಲಿಲ್ಲ. ಮೂರು ವರ್ಷ ಜೊತೆಯಲ್ಲಿ ಓದಿದವರು ಏನೇನು ಕೆಲಸ ಮಾಡುತ್ತಾರೆಂದು ನನಗೂ ಅಂದೇ ಪೂರ್ತಿ ತಿಳಿಯಿತು.

ಅವರ ಹಿಂದೆ ಮಂಡಳಿಯ ಅಧ್ಯಕ್ಷರು ಬಂದರು. ವಯಸ್ಸಾದವರು. ಎರಡು ಮೆಟ್ಟಿಲು ಇಳಿದು ನಿಂತು ಮೇಡಂಗೆ, ನಿಲ್ಲಿಸಬೇಡಿ, ಮುಂದುವರಿಸಿ ಎಂದರು. ನಂತರ ಕಂಬಿ ಹಿಡಿದು ನನ್ನ ಕೆಳಗಿನ ಮೆಟ್ಟಿಲಿನಲ್ಲಿ ತಾವಾಗಿಯೇ ಕೂತರು. ನೆಲ ತಣ್ಣಗಿದ್ದುದರಿಂದ ನನ್ನ ಸ್ವೆಟರ್ ಮಡಚಿ ಕೊಟ್ಟೆ. ಪಾಠ ಮುಗಿಯುವವರೆಗೂ ಅವರು ಏಳಲಿಲ್ಲ. ‘ಅಧ್ಯಕ್ಷರನ್ನು ಒಂದು ಗಂಟೆ ಕಾಲ ಕೂಡಿಹಾಕಿದರು’ ಎಂದು ದೂರಿನಲ್ಲಿರುವುದು ಇದಕ್ಕೇ.

ಪಾಠ ಮುಗಿದ ಮೇಲೆ ಅವರು ನನ್ನ ಕಡೆ ತಿರುಗಿ, ಇದನ್ನೆಲ್ಲ ನಮಗೆ ಯಾರೂ ಹೇಳಲೇ ಇಲ್ವಲ್ಲಮ್ಮ ಎಂದರು. ಯಾರೂ ಕೇಳಲಿಲ್ಲ ಸಾರ್ ಎಂದೆ. ಅವರು ತಲೆಯಾಡಿಸಿದರು. ಅವರಿಗೆ ಏಳಲು ಕಷ್ಟವಾದಾಗ ಸೈರನ್ ರೋಗಿಗಳನ್ನು ಎಬ್ಬಿಸುವ ಹಾಗೆ ತೋಳಿಗೆ ತೋಳು ಕೊಟ್ಟು ಎಬ್ಬಿಸಿ ಕಾರಿನವರೆಗೂ ಬಿಟ್ಟುಬಂದ. ಕಾರಿನ ಬಳಿ ಕಾಯುತ್ತಿದ್ದ ಕಾರ್ಯದರ್ಶಿಯವರು ದೂರದಿಂದ ಕಂಡು, ‘ಕೈ ಹಿಡಿದು ಎಳೆದಾಡಿದ’ ಎಂದು ಬರೆಸಿದ್ದಾರೆ.

ಮಂಗಳವಾರವೂ ಬೀಗ ಇತ್ತು. ಮೆಟ್ಟಿಲ ಮೇಲೆಯೇ ಪಾಠ ನಡೆಯಿತು. ಅಂದು ಬೆಳಗಿನ ವಿಭಾಗದ ಮಕ್ಕಳೂ ಬಂದು ಕೂತರು. ಬುಧವಾರ ಬೀಗ ತೆಗೆದಿತ್ತು. ಸಂಜೆ ವಿಭಾಗ ಪರೀಕ್ಷೆಯವರೆಗೆ ಇರುತ್ತದೆ, ಮುಂದಿನದನ್ನು ವಿದ್ಯಾರ್ಥಿಗಳ ಜೊತೆ ಚರ್ಚಿಸಿ ತೀರ್ಮಾನಿಸಲಾಗುತ್ತದೆ ಎಂದು ಹೊಸ ಸೂಚನೆ ಹಾಕಿದ್ದರು. ಕೊನೆಯ ಸಾಲನ್ನು ಎರಡೆರಡು ಸಲ ಓದಿದೆ.

ಅದೇ ಸಂಜೆ ಪೇದೆಯವರು ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದರು. ಅತ್ತೆಯವರು ಅವರಿಗೆ ಕುರ್ಚಿ ಕೊಟ್ಟು, ಸೊಸೆ ಕಾಲೇಜಿಗೆ ಹೋಗಿದ್ದಾಳೆ, ಪಾಠ ಬಿಟ್ಟು ಬರೋ ಪೈಕಿ ಅಲ್ಲ, ಕಾಯಿರಿ ಎಂದರಂತೆ. ಬೀದಿಯವರೆಲ್ಲ ಕೇಳುವ ಹಾಗೆ ಹೇಳಿದರೆಂದು ಪಕ್ಕದ ಮನೆಯವರು ತಿಳಿಸಿದರು.

ಕ್ಷಮಾಪಣೆ ಬರೆದುಕೊಟ್ಟರೆ ನನ್ನ ಮಟ್ಟಿಗೆ ವಿಷಯ ಕೈಬಿಡಬಹುದೆಂದು ಈ ದಿನ ಠಾಣೆಯಲ್ಲಿ ಸಾಹೇಬರು ಹೇಳಿದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ಬರೆದುಕೊಡಲು ನನ್ನ ಬಳಿ ಕ್ಷಮಾಪಣೆ ಇಲ್ಲ. ದೂರಿನಲ್ಲಿ ಮೊದಲ ಆರೋಪಿ ಎಂದು ಸೈರನ್‌ನನ್ನು ತೋರಿಸಿದ್ದಾರೆ. ಅದು ತಪ್ಪು. ಮೆಟ್ಟಿಲ ಮೇಲೆ ಎಲ್ಲರಿಗಿಂತ ಮೊದಲು ಕೂತವಳು ನಾನು. ಆ ಮೊದಲ ಸ್ಥಾನ ನನ್ನದು, ಅದನ್ನು ನನಗೇ ಕೊಡಬೇಕೆಂದು ಕೋರುತ್ತೇನೆ.

ಈ ಹೇಳಿಕೆಯನ್ನು ಓದಿ ಹೇಳುವ ಅಗತ್ಯ ಬೀಳಲಿಲ್ಲ, ನಾನೇ ಓದಿಕೊಂಡೆ. ನಾನು ಹೇಳಿದಂತೆಯೇ ಇದೆ, ಹೇಳಿದ್ದೆಲ್ಲ ನಿಜ. ಒಂದು ಕಡೆ ‘ಗಲಾಟೆ’ ಎಂದು ಬರೆದಿದ್ದನ್ನು ನನ್ನ ಕೋರಿಕೆಯ ಮೇರೆಗೆ ‘ತರಗತಿ’ ಎಂದು ತಿದ್ದಲಾಗಿದೆ.

ಸ್ಥಳ: ಪೊಲೀಸ್ ಠಾಣೆ
ದಿನ: ಗುರುವಾರ, ಮಧ್ಯಾಹ್ನ
ಸಹಿ/-