ತಿನ್ನದೇ ಬಿಟ್ಟ ಇಡ್ಲಿ

ಚೆನ್ನೈ ಪಲ್ಲಾವರಂನ ಡಯಟ್ ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯುತ್ತಿದ್ದಾಗ ಪಕ್ಕದ ಬೆಂಚಿನಿಂದ ಕನ್ನಡ ಕೇಳಿಸಿತು. ಗಂಡ ಹೆಂಡತಿ. ಆಕೆಯ ಮೊಣಕೈಗೆ ಬ್ಯಾಂಡೇಜು ಕಟ್ಟಿತ್ತು.

“ಚಾರ್ಟಲ್ಲಿ ಬೆಳಿಗ್ಗೆ ಮೂರು ಇಡ್ಲಿ ಅಂತಿದೆ. ನೀನೆಷ್ಟು ತಿಂದೆ, ಶಿಲ್ಪಾ?”

“ಕಾಫಿ ಕುಡಿದೆ.”

“ನಿನ್ನೆ ರಾತ್ರಿ?”

“ಮಜ್ಜಿಗೆ. ಮೆಲ್ಲಗೆ ಮಾತಾಡಿ, ರೀ.”

“ತಲೆ ಸುತ್ತಿ ಸ್ಕೂಟರಿಂದ ಬಿದ್ದಿದ್ದೀಯ. ಹಿಂದೆ ಮಗು ಕೂತಿತ್ತು ಕಣೆ!”

“ಪುಣ್ಯಕ್ಕೆ ಅವಳಿಗೇನೂ ಆಗ್ಲಿಲ್ಲ.”

“ಮತ್ತೆ ತಿನ್ನೋಕೇನು ಕಷ್ಟ? ಹೊಟ್ಟೆ ತುಂಬ ತಿಂದೇ ತೂಕ ಇಳಿಸಬಹುದು ಅಂತ ಡಾಕ್ಟರಮ್ಮ ಹೇಳಲಿಲ್ವಾ?”

“ನಿಧಾನವಾಗಿ ಇಳಿಯುತ್ತೆ ಅಂದ್ರು. ನಿಮ್ಮ ತಂಗಿ ಮದುವೆ ಮುಂದಿನ ತಿಂಗಳೇ ಇದೆ.”

“ಅದಕ್ಕೂ ಇದಕ್ಕೂ ಏನು ಸಂಬಂಧ?”

“ನಿಶ್ಚಿತಾರ್ಥದ ಫೋಟೋ ನೋಡಿ, ಇಡೀ ಫೋಟೋನ ಇವಳೊಬ್ಬಳೇ ತುಂಬ್ಕೊಂಡಿದಾಳೆ ಅಂತ ಎಲ್ಲರೆದುರಿಗೆ ನೀವೇ ಅಂದ್ರಲ್ಲ.”

ಆತ ಕೈಯಲ್ಲಿದ್ದ ಚಾರ್ಟನ್ನು ಮಡಚಿದ.

“ತಮಾಷೆಗಂದೆ.”

“ಹೌದು, ಎಲ್ಲರೂ ನಕ್ಕರು. ನಾನೂ ನಕ್ಕೆ.”

“ಶಿಲ್ಪಶ್ರೀ, ಉಳ್ಳ ವಾಂಗ,” ಎಂದು ನರ್ಸ್ ಬಾಗಿಲಿನಿಂದ ತಮಿಳಿನಲ್ಲಿ ಒಳಗೆ ಕರೆದಳು. ಆಕೆ ಎದ್ದಳು. ಆತ ಕೂತೇ ಇದ್ದ.

“ನೀವೂ ಬನ್ನಿ. ತಿನ್ನದೇ ಇದ್ದಿದ್ದನ್ನ ನಾನು ಹೇಳ್ತೀನಿ. ನೀವು ಅಂದಿದ್ದನ್ನ ನೀವೇ ಹೇಳಿ.”

ಆತ ನನ್ನ ಕಡೆ ನೋಡದೆ ಎದ್ದು, ಆಕೆಯ ಹಿಂದೆ ಒಳಗೆ ಹೋದ.