ಬರದಾಂವ ಕೆಮ್ಮಿದ ಜಾಗಾ

...ಅಲ್ರಿ ರುಕ್ಮಿಣಿ ಅಕ್ಕೋರ, ನಗೂದು ಆಮ್ಯಾಲೆ. ಮದಲ ನಿಮ್ಮ ಪುಸ್ತಕ ತಗೋರಿ. ಪೂರಾ ಓದೀನಿ. ಹೌದ್ರಿ, ನಾನೇ. ಬಾಜೂ ಮನಿ ಮಹಾದೇವಮ್ಮ ಬರೇ ಮಂದಿ ಮನಿ ಸುದ್ದಿ ಓದ್ತಾಳ ಅಂತ ತಿಳದೀರೇನು?

ನಾಳಿಗಿ ಸಾಲ್ಯಾಗ ಹೆಣ್ಮಕ್ಕಳ ಮುಂದ ಈ ಕಥಿ ಬಗ್ಗೆ ಮಾತಾಡ್ತೀರಂತಲ್ಲ, ನಂದೂ ಎರಡು ಮಾತು ಕೇಳ್ರಿ. ವಸ್ತು ನೋಡ್ರಿ, ತಂತ್ರ ನೋಡ್ರಿ ಅಂದಿದ್ರಿ. ತಂತ್ರ ಅಂದ್ರ ನಾ ಮಾಟ-ಮಂತ್ರ ಅನ್ಕೊಂಡು ಅಂಜಿದ್ದೆ. ಅಲ್ಲ, ಕಥಿ ಹ್ಯಾಂಗ ಹೇಳ್ಯಾನ ಅನ್ನೂದು ಅಂದ್ರಿ. ಬರೋಬರ್. ಹಾಂಗ ನೋಡಿದ್ರ ಬರದಾಂವ ಭಾಳ ಹುಷಾರ್ ಮನಷ್ಯಾ.

ವಸ್ತು ಏನದ... ಸಾದಾ. ಚೊಚ್ಚಲ ಬಸರಿ, ಬಂಡ್ಯಾಗ ಕುಂತು ತವರಿಗಿ ಬರ್ತಾಳ. ಥೇಟ್ ನಮ್ಮ ಮಗಳು ಗುರುದೇವಿ ಹಾಂಗ. ಹೂಂ ರೀ, ಇವತ್ತೋ ನಾಳಿಗೋ ಅಂತ ಮನ್ಯಾಗ ಕುಂತಾಳ. ನಂಗ ನಿದ್ದಿಲ್ಲ. ನಮ್ಮನಿಯವರು ಮಾತ್ರ ನೋಡ್ರಿ, ಖಣಿಯಿಂದ ಬರ್ತಾರ, ರೊಟ್ಟಿ ತಿಂತಾರ, ಕಾಲು ಚಾಚ್ತಾರ. ಗಂಡಸರ ಎದಿ ಅಂದ್ರ ನಮ್ಮ ಶಹಾಬಾದ ಫರ್ಸಿ ಕಲ್ಲು.

ಕಥ್ಯಾಗಿನ ಅತ್ತಿ ಯಾರಂತೀರಿ? ನಮ್ಮ ಓಣಿ ಶಿವಕಾಂತಮ್ಮನೇ. ಸೊಸಿಗಿ ಹಾಲು ಕುಡಿ ಅಂತಾಳ, ಗಡಿಗಿ ಮುಚ್ಚಳ ತಗ್ಯಾಂಗಿಲ್ಲ. ಹಾಂ, ನಕ್ರಿ ನೋಡ್ರಿ.

ಇನ್ನ ತಂತ್ರ. ಕಷ್ಟದ ಮಾತು ಬಂದಲ್ಲೆಲ್ಲ ಬರದಾಂವ ಕೆಮ್ಮತಾನ. ಬ್ಯಾನಿ ಸುರು ಆಯ್ತು ಅಂತಾನ, ಕೆಮ್ಮತಾನ. ಸೂಲಗಿತ್ತಿ ಹೊರಗ ಬಂದಳು ಅಂತಾನ, ಸುಮ್ಮಾಗ್ತಾನ. ಮತ್ತ ಅದೇ ಮಾತು, ಸೂಲಗಿತ್ತಿ ಹೊರಗ ಬಂದಳು... ಮತ್ತ ಕೆಮ್ಮು. ಕೇಳೋರ ಜೀವ ಬಾಯಿಗಿ ಬಂದಿರ್ತದ.

ಯಾಕ ಹಾಂಗ ನೋಡ್ತೀರಿ? ಓದೋರು ಅಂದೆ, ಓದೋರು. ಕೆಮ್ಮು ಪುಸ್ತಕದ ಯಾವ ಪಾನದಾಗ, ಯಾವ ಹಾಳ್ಯಾಗ ಅದ? ಅಯ್ಯ, ನಾ ಏನು ಪಾನ ಎಣಿಸಿ ಓದ್ಲಿ? ನೀವು ಸಾಲಿ ಅಕ್ಕೋರು ಎಲ್ಲಿ ಹೋದ್ರೂ ಪರೀಕ್ಷಾ ತಗೋತೀರಿ.

ಕಡೀ ಪಾನ ತಗದ್ರೇನು? ಛಲೋ ಆಯ್ತು. ನಂಗ ಭಾಳ ಸೇರಿದ್ದು ಅದೇ. ಒಳಗ ಕೂಸು ಅಳ್ತದ, ತಾಯಿ ನಗ್ತಾಳ. ನಿನ್ನಿ ಅದಾದ ಮ್ಯಾಲೇ ನಂಗ ಕಣ್ಣು ಹತ್ತಿದ್ದು. ಗುರುದೇವಿಗೂ. ಓದ್ರಿ ನೀವೇ, ಜೋರಾಗಿ ಓದ್ರಿ.

...ಯಾಕ ಪುಸ್ತಕ ಮುಚ್ಚಿದ್ರಿ?

ಕೂಸು ಅಳ್ತದಲ್ಲ ಅಲ್ಲೆ?

...ಅಳಂಗಿಲ್ಲೇನು. ತಾಯಿ?

...ತಾಯೀನೂ ಉಳಿಯಂಗಿಲ್ಲ.

ಬಿಡ್ರಿ, ಹೇಳಬ್ಯಾಡ್ರಿ. ನಿಮ್ಮ ಮಾರಿನೇ ಹೇಳ್ಲಿಕತ್ತದ. ನಾ ಸಾಲಿಗಿ ಹೋದಾಗ ನಿಜಾಮನ ಕಾಲ ಅಕ್ಕೋರ, ಎರಡನೇ ಕ್ಲಾಸ ತನಕ ಉರ್ದು ಕಲ್ತು ಸಾಲಿ ಬಿಟ್ಟೆ. ಕನ್ನಡ ಅಕ್ಷರ ನಂಗೆಲ್ಲಿ ಬರಬೇಕು? ಓದಿ ಹೇಳಿದ್ದು ನಮ್ಮನಿಯವರು. ಕೆಮ್ಮೂ ಅವರದೇ ಅಂತೀರೇನು... ಇರಬೇಕು. ಗುರುದೇವಿ ಬಾಜೂಕೇ ಕುಂತಿದ್ಳು, ಬಾಯಿ ತಕ್ಕೊಂಡು ಕೇಳ್ಲಿಕತ್ತಿದ್ಳು. ಅಕಿ ಮುಂದ ಹ್ಯಾಂಗ ಓದ್ಯಾರು ಇದನ್ನ?

ನಂಗ ಗೊತ್ತಾಯ್ತಂತ ಅವರಿಗಿ ಹೇಳಬ್ಯಾಡ್ರಿ. ಅವರೂ ಅಂಜ್ಯಾರ, ಪಾಪ. ಇಷ್ಟು ದಿವಸ ನಾನೊಬ್ಬಾಕಿನೇ ಅಂಜೀನಿ ಅನ್ಕೊಂಡಿದ್ದೆ.

ನಾಳಿಗಿ ಸಾಲ್ಯಾಗ ನೀವು ಪುಸ್ತಕದಾಗ ಇದ್ದಂಗೇ ಹೇಳ್ರಿ. ನಮ್ಮ ಮನ್ಯಾಗ ಓದಿದ ಕಥ್ಯಾಗ ಕೂಸು ಅತ್ತದ. ಅದು ಹಾಂಗೇ ಇರ್ಲಿ.